ಬೇಡದ ಟಪಾಲಿಗೆ ತಡೆ ಹಾಕುವವರಾರು?

ತ್ರಾಸಿಯ ಮನೆಗಳಿಗೆ ಈಗ ಟಪಾಲು ಬಂತೆಂದರೆ ಅದು ಮಗನ ಕಾಗದವಲ್ಲ. ಮುಂಬೈ, ಬೆಂಗಳೂರಿನ ಹೋಟೆಲು ಸೇರಿದ ಮಕ್ಕಳು ಫೋನಿನಲ್ಲೇ ಮಾತು ಮುಗಿಸುತ್ತಾರೆ. ಹಾಗಾದರೆ ಬರುವುದು ಎಂತದು? ಸಾಲ ಬೇಕಾ ಎನ್ನುವ ಲಕೋಟೆ, ವಿಮೆಯವರ ಬಣ್ಣದ ಪುಸ್ತಕ, ಸೈಟು ಮಾರುವವರ ಕರಪತ್ರ. ಜಗಲಿಯಲ್ಲಿ ಕೂತ ಅಜ್ಜಿಗೆ ಎಲ್ಲವೂ ಸರ್ಕಾರದ ಕಾಗದದ ಹಾಗೇ ಕಾಣುತ್ತದೆ.

ಒಲೆಗೆ ಹಾಕಿದರಾಯ್ತಪ್ಪ, ಇದಕ್ಕೂ ಒಂದು ಸಂಪಾದಕೀಯವಾ ಎಂದು ಕೇಳುವವರಿದ್ದಾರೆ. ತೊಂದರೆ ಇರುವುದೇ ಅಲ್ಲಿ. ಹತ್ತು ರದ್ದಿ ಲಕೋಟೆಗಳ ನಡುವೆ ಬ್ಯಾಂಕಿನ ನೋಟಿಸು ಬಂದರೆ ಅದೂ ಒಲೆಗೇ ಹೋಗುತ್ತದೆ. ಒಡೆದು ಓದಿದರೆ ಇನ್ನೊಂದು ಅಪಾಯ. ಉಜ್ಜುವ ಕಾರ್ಡು ಅಂಚೆಯಲ್ಲಿ ಬರುತ್ತದೆ. ಉಜ್ಜಿದರೆ ಕಾರು ಬಹುಮಾನ. ತೆರಿಗೆ ಹಣ ಮೊದಲು ಕಟ್ಟಬೇಕು! ಕಟ್ಟಿದ ಹಣ ವಾಪಸು ಬರುವುದಿಲ್ಲ. ಕಟ್ಟಿಬಿಟ್ಟವರು ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನು ಮಾಡಬೇಕು.

ಬೇಡದ ಫೋನು ಕರೆ ತಡೆಯಲು 1909 ಉಂಟು. ಟಪಾಲಿಗೆ ಅಂಥದ್ದೇನೂ ಇಲ್ಲ. ಇರುವುದು ಹಳೆಯ ಪದ್ಧತಿ ಒಂದೇ: ಲಕೋಟೆ ಒಡೆಯದೆ ಬೇಡವೆಂದರೆ ಅಂಚೆಯವರು ‘ನಿರಾಕರಿಸಿದ್ದಾರೆ’ ಎಂದು ಬರೆದು ಕಳಿಸಿದವರಿಗೆ ವಾಪಸು ಮಾಡುತ್ತಾರೆ. ಆದರೆ ಸಹಿ ಹಾಕಿ ಪಡೆಯುವ ಟಪಾಲಿನಲ್ಲಿ ಈ ಧೈರ್ಯ ಬೇಡ. ಕೋರ್ಟಿನ ನೋಟಿಸನ್ನು ಬೇಡವೆಂದು ಕಳಿಸಿದರೂ ಅದು ಮುಟ್ಟಿದಂತೆಯೇ ಲೆಕ್ಕ. ಕೇಳದೆ ಬಂದ ಕ್ರೆಡಿಟ್ ಕಾರ್ಡಿನ ಕತೆ ಬೇರೆ. ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ ಹಾಗೆ ಕಳಿಸುವುದೇ ತಪ್ಪು. ಬಿಲ್ಲು ಹಾಕಿದರೆ ಅದನ್ನು ರದ್ದು ಮಾಡಿ, ಅದರ ಎರಡು ಪಟ್ಟು ದಂಡ ಗ್ರಾಹಕನಿಗೆ ಕೊಡಬೇಕು.

ಇಲ್ಲಿ ಅಂಚೆಯವನನ್ನು ಬಯ್ಯುವುದು ಅನ್ಯಾಯ. ಮಳೆಗಾಲದಲ್ಲಿ ಚೀಲ ಹೊತ್ತು ಬರುವವ ಅವನು. ಆದರೆ ಇಲಾಖೆಯೇ 2005ರಿಂದ ‘ಡೈರೆಕ್ಟ್ ಪೋಸ್ಟ್’ ಎಂಬ ಹೆಸರಿನಲ್ಲಿ ವಿಳಾಸವೇ ಇಲ್ಲದ ಜಾಹೀರಾತು ಚೀಟಿಗಳನ್ನು ಮನೆಮನೆಗೆ ಹಂಚಿ ಕಾಸು ಮಾಡುತ್ತಿದೆ. ಕಾಗದ ಬರೆಯುವವರು ಕಡಿಮೆಯಾದರು, ಇಲಾಖೆಗೂ ಸಂಪಾದನೆ ಬೇಕು, ಒಪ್ಪೋಣ. ಬೇಡ ಎನ್ನುವ ಮನೆಗೂ ಹಾಕಬೇಕೆಂದು ಎಲ್ಲಿದೆ?

ಅಮೆರಿಕದ ಸುಪ್ರೀಂ ಕೋರ್ಟು 1970ರಲ್ಲೇ, ಬೇಡದ ಟಪಾಲನ್ನು ನಿಲ್ಲಿಸುವ ಹಕ್ಕು ಮನೆಯವರಿಗಿದೆ ಎಂದು ತೀರ್ಪು ಕೊಟ್ಟಿತು. ಜರ್ಮನಿಯಲ್ಲಿ ಪೆಟ್ಟಿಗೆಗೆ ‘ಜಾಹೀರಾತು ಬೇಡ’ ಎಂಬ ಚೀಟಿ ಅಂಟಿಸಿದರೆ ಸಾಕು. ಅದನ್ನು ಮೀರಬಾರದೆಂದು ಅಲ್ಲಿನ ಉನ್ನತ ನ್ಯಾಯಾಲಯ 1988ರಲ್ಲಿ ಹೇಳಿತು. ನಮ್ಮಲ್ಲಿ 1898ರ ಕಾನೂನನ್ನು ಬದಿಗಿಟ್ಟು 2023ರ ಅಂಚೆ ಕಾಯಿದೆ ತಂದರು. 2024ರ ಜೂನ್ 18ರಿಂದ ಅದು ಜಾರಿಯಲ್ಲಿದೆ. ಅದರಲ್ಲೂ ಇದರ ಸುದ್ದಿಯಿಲ್ಲ.

ದೆಹಲಿಯವರು ಏಳುವುದು ಯಾವಾಗಲೋ. ವಿಳಾಸವಿಲ್ಲದ ಚೀಟಿ ಬೇಡವೆನ್ನುವ ಮನೆಗಳ ಪಟ್ಟಿಯನ್ನು ಊರಿನ ಅಂಚೆ ಕಚೇರಿಯಲ್ಲಿ ಇಡಲು ಉಡುಪಿ ವಿಭಾಗದ ಅಧಿಕಾರಿಗಳು ಮೇಲಿನವರ ಅನುಮತಿ ಕೇಳಬಹುದಲ್ಲ? ಒಂದು ನೋಟ್‌ಪುಸ್ತಕದ ಖರ್ಚು. ಅಷ್ಟರವರೆಗೆ, ಮುದುಕರೇ ಇರುವ ಮನೆಗಳಲ್ಲಿ ಬಂದ ಕಾಗದವನ್ನೆಲ್ಲ ಒಂದು ಬುಟ್ಟಿಗೆ ಹಾಕಿಟ್ಟು, ಓದು ಬಲ್ಲವರು ವಾರಕ್ಕೊಮ್ಮೆ ಕೂತು ನೋಡಲಿ.