ಪಹಣಿಯ 11ನೇ ಕಾಲಂ ಯಾಕೆ ಓದುವುದಿಲ್ಲ?

ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿಬಂದವರು ನಿಮ್ಮ ಊರಲ್ಲೂ ಇದ್ದಾರು. ಜಯನಗರದ ಅಂಚಿನಲ್ಲಿದೆ, ಪಕ್ಕದಲ್ಲೇ ಬಿ.ಟಿ.ಎಂ. ಬಡಾವಣೆ. ಬಿ.ಟಿ.ಎಂ. ಅಂದರೇನು? ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಹಳ್ಳಿಗಳು! ಹೊಲಗದ್ದೆಯ ಮೇಲೆ ಎದ್ದ ಈ ನಗರಕ್ಕೆ ಇವತ್ತು ರೈತ ಎದೆನೋವು ಹಿಡಕೊಂಡು ಹೋದರೆ, ಖರ್ಚು ಯಾರದು ಎಂದು ತೀರ್ಮಾನಿಸುವುದು ಅವನ ರೇಷನ್ ಕಾರ್ಡು. ಇದು ಡಾಕ್ಟರ ತಪ್ಪಲ್ಲ, ವಿಧಾನಸೌಧದ ನಿಯಮ.

2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಪುಕ್ಕಟೆ ಚಿಕಿತ್ಸೆ. ಕೂಲಿಕಾರರಿಗೆ ಇದು ಸಿಗಲೇಬೇಕು. ಅಡ್ಡ ಮಾತಾಡುವವನು ರೈತನೇ ಅಲ್ಲ. ಆದರೆ ಎ.ಪಿ.ಎಲ್. ಕುಟುಂಬಕ್ಕೆ? ನಿಗದಿ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದ 70ಕ್ಕೆ ಬಡ್ಡಿ ಸಾಲ ತರಬೇಕು, ಇಲ್ಲಾ ಎತ್ತು ಮಾರಬೇಕು.

ಮೂರು ಹೆಕ್ಟೇರಿಗಿಂತ ಹೆಚ್ಚು ಖುಷ್ಕಿ ಇದ್ದರೆ ಬಿ.ಪಿ.ಎಲ್. ಕಾರ್ಡು ಇಲ್ಲ. ಮಳೆ ಕೈಕೊಟ್ಟ ವರ್ಷ ಆ ಖುಷ್ಕಿ ಏನು ಬೆಳೀತದೆ ಸ್ವಾಮಿ, ಕಲ್ಲು? ಕಚೇರಿಯವರು ಪಹಣಿಯಲ್ಲಿ ವಿಸ್ತೀರ್ಣ ಓದುತ್ತಾರೆ. ಅದೇ ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಬರೆದಿರುತ್ತದಲ್ಲ, ಅಲ್ಲಿಗೆ ಬಂದಾಗ ಇವರ ಕನ್ನಡಕ ಕಳೆದುಹೋಗುತ್ತದೆಯೆ? ಸಾಲ ಕೊಡುವಾಗ ಬ್ಯಾಂಕಿನವನಿಗೆ ಚೆನ್ನಾಗಿ ಕಾಣುತ್ತದೆ.

ಇನ್ನು ಯಶಸ್ವಿನಿ ಕಥೆ. 2003ರಲ್ಲಿ, ಬರಗಾಲದ ನಡುವೆಯೇ, ಸಹಕಾರ ಸಂಘದ ಸದಸ್ಯರು ತಲೆಗೆ ವರ್ಷಕ್ಕೆ 60 ರೂ. ಕಟ್ಟಿ ಶುರುವಾದದ್ದು. ಸರ್ಕಾರವೂ ಸ್ವಲ್ಪ ಸೇರಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಭಿಕ್ಷೆಯಲ್ಲ, ನಮ್ಮ ಗಂಟಿನ ದುಡ್ಡು. 2018ರಲ್ಲಿ ಹೊಸ ಯೋಜನೆಯಲ್ಲಿ ವಿಲೀನ ಅಂತ ಹೇಳಿ ಬಾಗಿಲು ಹಾಕಿದರು. ನಡು ಬೇಸಿಗೆಯಲ್ಲಿ ಬಾವಿ ಮುಚ್ಚಿದ ಹಾಗಾಯ್ತು: 2020ರ ಲಾಕ್‌ಡೌನಿನಲ್ಲಿ ತರಕಾರಿ, ಹೂವು ಹೊಲದಲ್ಲೇ ಕೊಳೆತು ಕೈಯಲ್ಲಿ ಕಾಸಿಲ್ಲದಾಗ ಯಶಸ್ವಿನಿಯೂ ಇರಲಿಲ್ಲ. 2022ರಲ್ಲಿ ಮತ್ತೆ ನೋಂದಣಿ ತೆರೆದರು, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂ. ಸಂತೋಷವೇ. ಆದರೆ ತಿಂಗಳು ತಿಂಗಳು ನುಂಗುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಬಸ್ ಚಾರ್ಜು, ಜೊತೆಗೆ ಹೋದವನ ಊಟ, ನಿಂತುಹೋದ ಹೊಲದ ಕೆಲಸ ಇವಕ್ಕೆ ಯಾವ ಕಾರ್ಡೂ ಇಲ್ಲ. ಸಾಲ ಹುಟ್ಟುವುದು ಇಲ್ಲೇ.

ನಿಮ್ಮ ಸಂಘದ ಈ ಸಲದ ವಾರ್ಷಿಕ ಸಭೆಯಲ್ಲಿ ಟೀ ಕುಡಿದು ಎದ್ದು ಬರಬೇಡಿ, ಠರಾವು ಬರೆಸಿ. ಕಾರ್ಡು ಕೊಡುವಾಗ ಜಮೀನಿನ ಜೊತೆ ಸಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬರ ಘೋಷಿಸಿದ ತಾಲ್ಲೂಕಿನಲ್ಲಿ ಆ ವರ್ಷ ಎ.ಪಿ.ಎಲ್. ರೈತನಿಗೂ ಪೂರ್ತಿ ಚಿಕಿತ್ಸೆ ಸಿಗಬೇಕು. ಸದಸ್ಯರನ್ನು ಕೇಳದೆ ಯಶಸ್ವಿನಿ ನಿಲ್ಲಿಸಕೂಡದು. ಒಂದು ಪ್ರತಿ ತಹಸೀಲ್ದಾರರಿಗೆ, ಒಂದು ನಿಮ್ಮ ಶಾಸಕರಿಗೆ. ಕೊಟ್ಟದ್ದಕ್ಕೆ ಸ್ವೀಕೃತಿ ಸಹಿ ಮರೆಯಬೇಡಿ.