ಎಡಬದಿಯ ಧೈರ್ಯ

ನ್ಯೂಜಿಲೆಂಡಿಗೆ ಮಕ್ಕಳ ಮನೆಗೆ ಹೊರಟವರಿಗೆ ಎಲ್ಲರೂ ಹೇಳುವ ಸಮಾಧಾನ ಒಂದೇ: ‘ಅಲ್ಲೂ ನಮ್ಮ ಹಾಗೆ ಎಡಕ್ಕೇ ಓಡಿಸೋದು, ಏನೂ ತೊಂದರೆಯಿಲ್ಲ.’ ಬಲಕ್ಕೆ ಓಡಿಸುವ ಅಮೆರಿಕದಲ್ಲಿ ಕಾರು ಹಿಡಿದವರು ಶುರುವಿನಲ್ಲಿ ಜೀವ ಕೈಯಲ್ಲಿಟ್ಟುಕೊಂಡು ಓಡಿಸುತ್ತಾರೆ, ಆ ಭಯವೇ ಅವರನ್ನು ಕಾಯುತ್ತದೆ. ನ್ಯೂಜಿಲೆಂಡಿನಲ್ಲಿ ನಮಗೆ ಆ ಭಯವೂ ಇರುವುದಿಲ್ಲ. ನನ್ನ ತಕರಾರಿರುವುದು ಈ ಧೈರ್ಯದ ಮೇಲೆ.

ಆಗುಂಬೆ ಘಾಟಿಯಲ್ಲಿ ವರ್ಷಗಟ್ಟಲೆ ಸ್ಟಿಯರಿಂಗ್ ತಿರುಗಿಸಿದ ಕೈ ನನ್ನದು. ಹಾಗಾಗಿ ದಕ್ಷಿಣ ದ್ವೀಪದ ತಿರುವುಗಳು ನನಗೆ ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ಸೇತುವೆಗಳು. ಪಶ್ಚಿಮ ಕರಾವಳಿಯ ಆರನೇ ಹೆದ್ದಾರಿಯಲ್ಲಿ 100 ಕಿ.ಮೀ. ವೇಗದ ರಸ್ತೆ ಇದ್ದಕ್ಕಿದ್ದಂತೆ ಒಂದೇ ವಾಹನದಷ್ಟು ಅಗಲಕ್ಕೆ ಕುಗ್ಗುತ್ತದೆ. ಹಾಸ್ಟ್ ನದಿಯ ಮೇಲಿನದಂತೂ 700 ಮೀಟರಿಗೂ ಉದ್ದ, ನಡುವೆ ಸರಿದು ನಿಲ್ಲಲು ಜಾಗ ಬಿಟ್ಟಿದ್ದಾರೆ. ಸೇತುವೆಗೆ ಮೊದಲೇ ಫಲಕ: ನಿಮ್ಮ ದಿಕ್ಕಿನ ಬಾಣ ಕೆಂಪಾಗಿ ಸಣ್ಣದಿದ್ದರೆ ನೀವು ನಿಲ್ಲಬೇಕು, ನೀಲಿ ಹಲಗೆಯ ಮೇಲೆ ದೊಡ್ಡ ಬಿಳಿ ಬಾಣವಿದ್ದರೆ ಎದುರಿನವರು ನಿಲ್ಲಬೇಕು. ಅಷ್ಟೇ. ಲಾರಿಯೋ ಸಣ್ಣ ಕಾರೋ, ಆತುರವೋ ನಿಧಾನವೋ, ಬಾಣಕ್ಕೆ ಅದೆಲ್ಲ ಬೇಕಿಲ್ಲ.

ನಮ್ಮಲ್ಲಿ ಕಿರುಸೇತುವೆ ಮೊದಲು ಮೂತಿ ತೂರಿಸಿದವನದು. ಎದುರಿಗೆ ಬಸ್ಸು ಬಂದರೆ ಬಸ್ಸಿನದು. ನಾವು ಓಡಿಸುವುದೇ ಸಂತೆಯ ಚೌಕಾಸಿಯ ಹಾಗೆ: ಕಣ್ಣಲ್ಲಿ ಕಣ್ಣಿಟ್ಟು, ಹಾರ್ನ್ ಒತ್ತಿ, ಅರ್ಧ ಅಡಿ ಮುಂದೆ ಸರಿದು, ಅವನು ಸೋತನೆಂದು ಖಾತ್ರಿಯಾದ ಮೇಲೆ ಹೋಗುವುದು. ಇದನ್ನು ನಾನು ಹೀಗಳೆಯುವುದಿಲ್ಲ. ನಿಯಮ ಪಾಲಿಸದವರ ನಡುವೆ ಇದೂ ಒಂದು ವಿದ್ಯೆಯೇ. ಆದರೆ ಆ ವಿದ್ಯೆ ಅಲ್ಲಿ ಅಪಾಯ. ಹೆಡ್‌ಲೈಟ್ ಮಿನುಗಿಸುವುದನ್ನೇ ನೋಡಿ. ನಮಗೆ ಅದು ‘ನಾನು ಬರ್ತಿದ್ದೀನಿ, ನಿಲ್ಲು’. ಅಲ್ಲಿನವನು ಅನೇಕ ಸಲ ಅದನ್ನು ‘ನೀನೇ ಬಾ’ ಎಂದು ಓದುತ್ತಾನೆ. ನೀವು ಮಿನುಗಿಸಿ ನುಗ್ಗುತ್ತೀರಿ, ಅವನು ಕೈಯೆತ್ತಿ ವಂದಿಸುತ್ತ ಸೇತುವೆ ಹತ್ತುತ್ತಾನೆ.

ಇನ್ನೊಂದು, ಹಿಂದೆ ಬೆಳೆಯುವ ಸಾಲು. ಹಿಮದ ಬೆಟ್ಟ ನೋಡುತ್ತ 60ರಲ್ಲಿ ಸಾಗುವ ಪ್ರವಾಸಿಯ ಹಿಂದೆ ಹಾಲಿನ ಟ್ಯಾಂಕರು, ಶಾಲೆಯಿಂದ ಮಕ್ಕಳನ್ನು ಕರೆತರುವ ತಾಯಿ. ಯಾರೂ ಹಾರ್ನ್ ಮಾಡುವುದಿಲ್ಲ, ಹಾಗಾಗಿ ಯಾರಿಗೂ ತೊಂದರೆಯಿಲ್ಲವೆಂದು ನಾವು ತಿಳಿಯುತ್ತೇವೆ. ಅದು ತಪ್ಪು ಲೆಕ್ಕ. ಹಿಂದೊಮ್ಮೆ ಪ್ರವಾಸಿಗರ ಓಡಾಟಕ್ಕೆ ರೋಸಿಹೋದ ಸ್ಥಳೀಯರು ಅವರ ಕಾರಿನ ಕೀ ಕಿತ್ತುಕೊಂಡ ಪ್ರಕರಣಗಳು ಪತ್ರಿಕೆಗಳಲ್ಲಿ ಬಂದಿದ್ದವು. ಕೀ ಕಿತ್ತುಕೊಳ್ಳುವುದು ಸರಿಯಲ್ಲ. ಆದರೆ ಎಡಕ್ಕೆ ಸರಿದು ದಾರಿ ಬಿಡಲು ಅರ್ಧ ನಿಮಿಷ ಸಾಕು.

ಗೂಗಲ್ ಮ್ಯಾಪ್ ಹೇಳುವ ಸಮಯವನ್ನೂ ನಂಬಬೇಡಿ. ಟೆ ಆನಾವಿನಿಂದ ಮಿಲ್‌ಫೋರ್ಡ್ ಸೌಂಡಿಗೆ ಸುಮಾರು 120 ಕಿ.ಮೀ. ಚಳಿಗಾಲದಲ್ಲಿ ಹಿಮಕುಸಿತದ ಅಪಾಯ ಕಂಡರೆ ದಾರಿಯನ್ನೇ ಮುಚ್ಚುತ್ತಾರೆ. ಆ ದಾರಿಯಲ್ಲಿ 1954ರಲ್ಲಿ ತೆರೆದ ಹೋಮರ್ ಸುರಂಗದ ಮುಂದೆ ಸಿಗ್ನಲ್ಲಿಗೆ ಕಾಯಬೇಕಾಗಬಹುದು. ಮಿಲ್‌ಫೋರ್ಡಿನ ದೋಣಿವಿಹಾರದ ಟಿಕೆಟ್ ಹಿಡಿದು ಗಡಿಯಾರ ನೋಡುತ್ತ ಓಡಿಸುವವರು ಓವರ್‌ಟೇಕ್ ಮಾಡುವುದು ಇಂಥಲ್ಲೇ.

ಪ್ರವಾಸಿಗಳಿಗೆ ಅಲ್ಲಿನ ಸರ್ಕಾರವೇ ಮತ್ತೆ ಪರೀಕ್ಷೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಆರ್‌ಟಿಒ ಒಂದು ವರ್ಷದ ಅಂತರರಾಷ್ಟ್ರೀಯ ಪರ್ಮಿಟ್ ಕೊಡುವಾಗ ಅರ್ಜಿ, ಫೋಟೊ, ಶುಲ್ಕದ ಜೊತೆ ಹೋಗುವ ದೇಶದ ರಸ್ತೆ ಚಿಹ್ನೆಗಳ ಹತ್ತು ಪ್ರಶ್ನೆ ಕೇಳಿದರೆ ಯಾರ ಗಂಟೇನು ಹೋಗುತ್ತದೆ? ಬಾಡಿಗೆ ಕಾರಿನ ಕೌಂಟರಿನಲ್ಲಂತೂ ನನಗೆ ವಿಮೆಯ ಬಗೆಗಳನ್ನು ಒಂದೊಂದಾಗಿ ವಿವರಿಸಿದರು, ಗಾಜು ಒಡೆದರೆ ಎಷ್ಟು, ಟೈರಿಗೆ ಎಷ್ಟು ಎಂದು. ಕೆಂಪು ಬಾಣದ ಮಾತು ಬರಲೇ ಇಲ್ಲ.