ಬಾಣಂತಿಗೆ ನೀರು, ಕೂಸಿಗೆ ಹಾಲು



ಕಳೆದ ಬೇಸಿಗೆಯಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆ. ತೊಟ್ಟಿಲಲ್ಲಿದ್ದ ಎರಡು ತಿಂಗಳ ಕೂಸು ಸೆಕೆಗೆ ಅಳುತ್ತಿತ್ತು. ಅಜ್ಜಿ ಒಳಲೆಯಲ್ಲಿ ನೀರು ತಂದರು. "ಅತ್ತೀ, ನೀರು ಬ್ಯಾಡ ಅಂತ ಆಶಾ ಅಕ್ಕಾರು ಹೇಳ್ಯಾರ್ರಿ" ಎಂದಳು ಸೊಸೆ. "ನಾವೇನು ಮಕ್ಕಳನ್ನ ಸಾಕಿಲ್ಲೇನು?" ಎಂದು ಹಿರಿಯರೆಲ್ಲ ಅವಳ ಬಾಯಿ ಮುಚ್ಚಿಸಿದರು. ನಾನೂ ಸುಮ್ಮನಿದ್ದೆ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಅಜ್ಜಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಸೊಸೆಯ ಮಾತೇ ಸರಿ. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಸರ್ಕಾರವೂ ಹೇಳುವುದು ಅದನ್ನೇ: ಮೊದಲ 6 ತಿಂಗಳು ತಾಯಿಯ ಹಾಲು ಮಾತ್ರ. ನೀರು, ಸಕ್ಕರೆ ನೀರು, ಜೇನು, ಗ್ರೈಪ್ ವಾಟರ್ ಯಾವುದೂ ಬೇಡ. ವೈದ್ಯರು ಹೇಳಿದ ಔಷಧಿ, ಓಆರ್‌ಎಸ್ ಇದಕ್ಕೆ ಹೊರತು. ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇದೆ. ಬಿಸಿಲುಗಾಲದಲ್ಲೂ ಕೂಸಿನ ದಾಹಕ್ಕೆ ಅದೇ ಸಾಕು. ಕೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು.

ಪುಟ್ಟ ಹೊಟ್ಟೆ ನೀರಿನಿಂದ ತುಂಬಿದರೆ ಕೂಸು ಹಾಲು ಕಡಿಮೆ ಕುಡಿಯುತ್ತದೆ. ಕೂಸು ಕುಡಿಯದಿದ್ದರೆ ತಾಯಿಯ ಹಾಲೂ ಇಳಿಯುತ್ತದೆ. ನೀರು ಶುದ್ಧವಿಲ್ಲದಿದ್ದರೆ ಭೇದಿ. ಎಳೆಯ ಮೂತ್ರಪಿಂಡಗಳು ಹೆಚ್ಚಿನ ನೀರನ್ನು ಹೊರಹಾಕಲಾರವು. ರಕ್ತದಲ್ಲಿ ಉಪ್ಪಿನಂಶ ತೆಳುವಾಗಿ ಫಿಟ್ಸ್ ಕೂಡ ಬರಬಹುದು. ಪುಡಿಹಾಲು ಕುಡಿಯುವ ಕೂಸಿಗೂ ಅಳತೆ ಮೀರಿ ನೀರು ಬೆರೆಸಬಾರದು.

ನಮ್ಮ ಅನೇಕ ಮನೆಗಳಲ್ಲಿ ಬಾಣಂತಿಗೆ ನೀರು ಕಟ್ಟುತ್ತಾರೆ, ಕೂಸಿಗೆ ನೀರು ಕುಡಿಸುತ್ತಾರೆ. ಎರಡೂ ತಲೆಕೆಳಗು. ಬಾಯಾರಿದಾಗಲೆಲ್ಲ ತಾಯಿಗೆ ನೀರು ಕೊಡಿ; ಸೆಕೆಯಿದ್ದರೆ ಕೂಸಿಗೆ ಇನ್ನೂ ಹೆಚ್ಚು ಸಲ ಹಾಲೂಡಿಸಲು ಬಿಡಿ.

6 ತಿಂಗಳು ತುಂಬಿ, ಮೆತ್ತಗೆ ಕಿವುಚಿದ ಅನ್ನ-ಬೇಳೆ, ರಾಗಿ ಅಂಬಲಿ ಶುರುವಾದಾಗ ನೀರನ್ನೂ ಶುರುಮಾಡಿ. ಕುದಿಸಿ ಆರಿಸಿದ ನೀರು, ಊಟದ ಜೊತೆ ಒಂದೆರಡು ಗುಟುಕು, ಸಣ್ಣ ಲೋಟದಲ್ಲಿ. ಬಾಟಲಿ ಬೇಡ, ಅದನ್ನು ಪೂರ್ತಿ ತೊಳೆಯುವುದು ಕಷ್ಟ. ವರ್ಷ ತುಂಬುವವರೆಗೆ ದಿನಕ್ಕೆ 120ರಿಂದ 240 ಮಿಲಿಲೀಟರ್ ಸಾಕು. ಎದೆಹಾಲು ಮುಂದುವರಿಯಲಿ.

ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ನಾಮಕರಣದಂದು ಕರುಣೋದಕವನ್ನು ಕೂಸಿನ ಹಣೆಗೆ ಹಚ್ಚಿದರೆ ಸಾಕು, ಬಾಯಿಗೆ ಬೇಡ. ಅಲ್ಲೇ ಎರಡು ನಿಮಿಷ ಈ ವಿಷಯ ತಿಳಿಸಿ. ತಮ್ಮ ಮಾತನ್ನು ಅಜ್ಜಿಯರು ಕೇಳುತ್ತಾರೆ. ಹೆಣ್ಣಿನ ಮಾತಿಗೆ ಬೆಲೆಕೊಟ್ಟ ಶರಣರ ಹೆಸರು ಹೇಳುವ ನಾವು, ತೊಟ್ಟಿಲ ಪಕ್ಕದಲ್ಲಿ ನಿಂತ ಸೊಸೆಯ ಮಾತನ್ನೂ ಕೇಳೋಣ.



– ಸಂಪಾದಕ